ಲ್ಯಾಬ್‌ನಲ್ಲಿ ತೊಂಬತ್ತು, ಪರೀಕ್ಷೆಯಲ್ಲಿ ಫೇಲು: ನನ್ನ ಸಿಸಿಎನ್‌ಎ ಅನುಭವ

ಸಿಸಿಎನ್‌ಎ ಅಂದರೆ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ. ಮೊದಲ ಸಲ ಅದನ್ನು ಬರೆದಾಗ 300 ಡಾಲರ್ ನೀರಿಗೆ ಹೋಯಿತು. ಅದರ ಹಿಂದಿನ ವಾರ ಪ್ಯಾಕೆಟ್ ಟ್ರೇಸರ್ ಅನ್ನೋ ಸಿಮ್ಯುಲೇಟರಿನ ಲ್ಯಾಬ್‌ಗಳಲ್ಲಿ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟುವ ಅಭ್ಯಾಸ) ನನಗೆ ತೊಂಬತ್ತಕ್ಕಿಂತ ಕಡಿಮೆ ಬಂದದ್ದೇ ಇಲ್ಲ. ರಿಸಲ್ಟ್ ಹಾಳೆ ನೋಡಿದರೆ ಐಪಿ ಕನೆಕ್ಟಿವಿಟಿಯಲ್ಲೇ, ಅಂದರೆ ರೂಟಿಂಗ್ ಭಾಗದಲ್ಲೇ, ಮಣ್ಣು ಮುಕ್ಕಿದ್ದೆ. 25 ಪರ್ಸೆಂಟ್ ತೂಕದ ಭಾಗ ಅದು, ಅಲ್ಲಿ ಬಿದ್ದ ಮೇಲೆ ಏಳೋದು ಎಲ್ಲಿಂದ?

ಜೊತೆಗೆ ಓದುತ್ತಿದ್ದವರದ್ದು ಒಂದೇ ಮಾತು. ಇನ್ನೂ ಜಾಸ್ತಿ ಲ್ಯಾಬ್ ಮಾಡು, ಇಲ್ಲದಿದ್ದರೆ ಸೋರಿಕೆಯಾದ ಪ್ರಶ್ನೆಗಳ ಡಂಪ್ ತಗೊಂಡು ಉರು ಹೊಡಿ. ನಾನು ಉಲ್ಟಾ ಮಾಡಿದೆ. ಹೊಸ ಲ್ಯಾಬ್ ಪೂರ್ತಿ ನಿಲ್ಲಿಸಿದೆ. ಮುಗಿಸಿದ್ದ ನಲವತ್ತು ಚಿಲ್ಲರೆ ಲ್ಯಾಬ್‌ಗಳನ್ನೇ ಮತ್ತೆ ತೆಗೆದು, ಎಲ್ಲೆಲ್ಲಿ ಎಡವಿದ್ದೆನೋ ಅದನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿದೆ. "ಮುಗಿದಿದ್ದನ್ನ ಕೆದಕಿ ಏನು ಸಿಗತ್ತೆ?" ಅಂತ ನಕ್ಕರು. ಅವರಲ್ಲಿ ಇಬ್ಬರು ಈಗ ಅದೇ ನೋಟ್‌ಬುಕ್ ಕೇಳುತ್ತಿದ್ದಾರೆ.

ಮೊದಲ ವಾರ ಬರೆದದ್ದು ದಂಡ. "ಟ್ರಂಕ್ ತಪ್ಪು" (ಸ್ವಿಚ್‌ಗಳ ನಡುವಿನ ಹಂಚಿಕೆಯ ಲಿಂಕ್), "ಎಸಿಎಲ್ ತಪ್ಪು" (ಟ್ರಾಫಿಕ್ ಬಿಡುವ, ತಡೆಯುವ ನಿಯಮಗಳ ಪಟ್ಟಿ) ಅಂತ ಗೀಚಿದರೆ ಏನೂ ತಲೆಗೆ ಹತ್ತುವುದಿಲ್ಲ. ಆಮೇಲೆ ಪ್ರತಿ ತಪ್ಪಿಗೂ ಮೂರು ಸಾಲು ಮಾಡಿಕೊಂಡೆ. ನಾನು ಏನಂದುಕೊಂಡಿದ್ದೆ, ಸಾಧನದ ಸ್ಥಿತಿ ಹೇಳುವ ಶೋ ಕಮಾಂಡ್ ಏನು ತೋರಿಸಿತು, ಯಾವ ಕಮಾಂಡ್ ಮೊದಲೇ ಹೊಡೆದಿದ್ದರೆ ಒಂದು ನಿಮಿಷದಲ್ಲಿ ಸಿಗುತ್ತಿತ್ತು. ಮೊದಲ ಸಾಲು ಬರೆಯುವುದೇ ಕಷ್ಟ. ನಾಚಿಕೆಯಾಗುತ್ತದೆ.

ಒಂದು ಲ್ಯಾಬ್‌ನಲ್ಲಿ ಟ್ರಂಕ್‌ಗೆ ವಿಲ್ಯಾನ್ 30 (ಒಂದೇ ಸ್ವಿಚ್‌ನೊಳಗಿನ ಬೇರೆ ಬೇರೆ ನೆಟ್‌ವರ್ಕ್‌ಗಳಲ್ಲಿ ಒಂದು) ಸೇರಿಸಬೇಕಿತ್ತು, 10 ಮತ್ತು 20 ಮೊದಲೇ ಇದ್ದವು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಅಂತ ಹೊಡೆದೆ. 30 ಬಂತು, 10 ಮತ್ತು 20 ಹೋದವು. ಹಳೆಯವು ಉಳಿಯಲು ನಡುವೆ 'ಆ್ಯಡ್' ಹಾಕಬೇಕು ಅಂತ ಈ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು! ಆದರೆ ಹಳೆ ಫೈಲುಗಳನ್ನು ಕೆದಕಿದಾಗ ಅದೇ ತಪ್ಪು ನಾಲ್ಕು ಕಡೆ ಸಿಕ್ಕಿತು. ಮೂರು ಕಡೆ ಅಂಕವೇ ಹೋಗಿರಲಿಲ್ಲ. ಆ ಲ್ಯಾಬ್‌ಗಳು 30 ಇದೆಯಾ ಅಂತ ಮಾತ್ರ ನೋಡುತ್ತಿದ್ದವು, ಉಳಿದವು ಬದುಕಿವೆಯಾ ಅಂತ ಕೇಳುತ್ತಿರಲಿಲ್ಲ. ನನ್ನ ತೊಂಬತ್ತರ ಬಂಡವಾಳ ಇಷ್ಟೇ. ಅಲ್ಲಿಂದ ಮುಂದೆ ಪೂರ್ತಿ ಅಂಕ ಬಂದ ಲ್ಯಾಬ್‌ಗಳನ್ನೂ ಬಿಡಲಿಲ್ಲ.

ರೂಟರ್‌ಗಳು ತಮ್ಮೊಳಗೆ ದಾರಿ ಹಂಚಿಕೊಳ್ಳುವ ಒಎಸ್‌ಪಿಎಫ್ ಅಂತೂ ಎರಡು ರಾತ್ರಿ ನಿದ್ದೆ ಕೆಡಿಸಿತು. ನೇಬರ್ ಫುಲ್ (ಪಕ್ಕದ ರೂಟರ್ ಜೊತೆ ಪೂರ್ತಿ ಹೊಂದಿಕೆ) ಅಂತ ಬರುತ್ತದೆ, ರೂಟಿಂಗ್ ಟೇಬಲ್‌ನಲ್ಲಿ ಒಎಸ್‌ಪಿಎಫ್‌ನಿಂದ ಬಂದ ದಾರಿಯ ಒಂದು 'ಓ' ಸಾಲೂ ಇಲ್ಲ. ಏರಿಯಾ ಸರಿ, ಮಾಸ್ಕ್ ಸರಿ, ಎರಡೂ ಕಡೆ ಟೈಮರ್ ಹಲೋ 10, ಡೆಡ್ 40 ಸೆಕೆಂಡ್. ಕೊನೆಗೆ ನೋಡಿದರೆ ನೆಟ್‌ವರ್ಕ್ ಟೈಪ್ ಒಂದು ಕಡೆ ಪಾಯಿಂಟ್ ಟು ಪಾಯಿಂಟ್, ಇನ್ನೊಂದು ಕಡೆ ಬ್ರಾಡ್‌ಕಾಸ್ಟ್. ಟೈಮರ್ ಹೊಂದುವುದರಿಂದ ದೋಸ್ತಿ ಆಗುತ್ತದೆ, ರೂಟ್ ಮಾತ್ರ ಬರುವುದಿಲ್ಲ. ಸುಳಿವು ಕಣ್ಣ ಮುಂದೆಯೇ ಇತ್ತು. ಒಂದು ರೂಟರಿನಲ್ಲಿ ಫುಲ್ ಪಕ್ಕ ಬರೀ ಅಡ್ಡಗೆರೆ, ಇನ್ನೊಂದರಲ್ಲಿ ಬಿಡಿಆರ್, ಅಂದರೆ ಬ್ರಾಡ್‌ಕಾಸ್ಟ್‌ನಲ್ಲಿ ಆರಿಸುವ ಬದಲಿ ಮುಖ್ಯ ರೂಟರ್. ಫುಲ್ ಅನ್ನೋ ಪದ ಕಂಡ ತಕ್ಷಣ ನಾನು ಮುಂದೆ ಓದುವುದನ್ನೇ ಬಿಟ್ಟಿದ್ದೆ. ಆ ತಪ್ಪಿಗೆ ನೋಟ್‌ಬುಕ್ಕಿನಲ್ಲಿ ಬರೆದ ಮೊದಲ ಸಾಲು: "ಫುಲ್ ಅಂದರೆ ಎಲ್ಲ ಸರಿ ಅಂದುಕೊಂಡಿದ್ದೆ."

ನಡುವೆ ಒಂದು ಹುಚ್ಚು ಹಿಡಿಯಿತು. ಸಿಮ್ಯುಲೇಟರ್ ಸಾಕಾಗಲ್ಲ ಅನ್ನಿಸಿ ಎರಡು ಹಳೆ ಸ್ವಿಚ್ ಕೊಂಡೆ. ಪರೀಕ್ಷೆ ಫೀಸಿನ ಹತ್ತಿರ ಹತ್ತಿರ ಅರ್ಧ ದುಡ್ಡು ಅದಕ್ಕೇ ಹೋಯಿತು. ಫ್ಯಾನ್ ಸದ್ದಿಗೆ ಮನೆಯವರ ಬೈಗುಳ ಬೇರೆ. ಅವುಗಳಿಂದ ಕಲಿತದ್ದು ಒಂದೇ. ಸ್ಟಾರ್ಟಪ್ ಕಾನ್ಫಿಗ್ (ಉಳಿಸಿಟ್ಟ ಸೆಟ್ಟಿಂಗ್) ಅಳಿಸಿ ರೀಲೋಡ್ ಕೊಟ್ಟರೂ ಹಳೆ ಮಾಲೀಕನ ವಿಲ್ಯಾನ್‌ಗಳು ಎದ್ದು ಬಂದವು, ಯಾಕಂದರೆ ಅವು ಫ್ಲ್ಯಾಶ್‌ನ ವಿಲ್ಯಾನ್ ಡಾಟ್ ಡ್ಯಾಟ್ ಫೈಲಿನಲ್ಲಿ ಕೂತಿರುತ್ತವೆ. ಒಂದು ತಿಂಗಳಲ್ಲಿ ಎರಡನ್ನೂ ಲಾಸಿಗೆ ಮಾರಿದೆ. ಈವ್ ಎನ್‌ಜಿ ಅನ್ನೋ ಇನ್ನೊಂದು ಲ್ಯಾಬ್ ಸಾಫ್ಟ್‌ವೇರ್ ಕೂಡ ಹಾಕಿ ನೋಡಿದೆ. ಚೆನ್ನಾಗಿದೆ, ಆದರೆ ಅದನ್ನು ಎಬ್ಬಿಸಿ ನಿಲ್ಲಿಸುವುದರಲ್ಲೇ ಎರಡು ಭಾನುವಾರ ಹೋಯಿತು.

ನಿಜವಾಗಿ ಕೈ ಹಿಡಿದದ್ದು ಕೆಡಿಸುವ ಆಟ. ಸರಿಯಾಗಿರುವ ಲ್ಯಾಬ್‌ನ ಕಾಪಿ ಮಾಡಿ, ನೋಟ್‌ಬುಕ್ಕಿನ ಒಂದು ತಪ್ಪನ್ನು ಅದರಲ್ಲಿ ಹುದುಗಿಸಿ, ಹತ್ತು ದಿನ ಬಿಟ್ಟು ತೆರೆಯುವುದು. ಅಷ್ಟರಲ್ಲಿ ಏನು ಕೆಡಿಸಿದ್ದೆ ಅಂತ ಮರೆತಿರುತ್ತದೆ. ಇಡೀ ಕಾನ್ಫಿಗ್ ತೋರಿಸುವ ಶೋ ರನ್ ಮುಟ್ಟಬಾರದು, ಅದೊಂದೇ ಕಟ್ಟುನಿಟ್ಟು. ಶುರುವಿನಲ್ಲಿ ಒಂದಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು, ಕೊನೆಗೆ ಹತ್ತು ಹದಿನೈದಕ್ಕೆ ಇಳಿಯಿತು. ಯಾವ ತಪ್ಪು ಯಾವ ದಿನ ಬರಬೇಕು ಅಂತ ಆರಿಸಲು ನನ್ನದೇ ಒಂದು ಲೆಕ್ಕ ಇದೆ. ಅದನ್ನು ಹೇಳುವುದಿಲ್ಲ, ಎರಡು ಸಲ ಫೀಸು ಕಟ್ಟಿ ಕಲಿತದ್ದು.

ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು. ನಾನು ಎರಡೂವರೆ ತಿಂಗಳು ತಗೊಂಡೆ. ನೋಟ್‌ಬುಕ್ಕಿನಲ್ಲಿ ಅಷ್ಟೊತ್ತಿಗೆ ನೂರಾಹತ್ತರ ಆಸುಪಾಸು ತಪ್ಪು. ಎರಡನೇ ಸಲ 120 ನಿಮಿಷದಲ್ಲಿ ಇನ್ನೂ ಹದಿನೈದು ಬಾಕಿ ಇರುವಾಗಲೇ ಮುಗಿಸಿದೆ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಅಲ್ಲಿ ಬಿಡುವುದಿಲ್ಲ, ಅದೂ ಒಳ್ಳೆಯದೇ ಆಯಿತು. ಪಾಸಾಯಿತು. ಐಪಿ ಕನೆಕ್ಟಿವಿಟಿಯಲ್ಲಿ ತೊಂಬತ್ತರ ಮೇಲೆ, ಈ ಸಲ ನಿಜವಾದ ತೊಂಬತ್ತು. ಆಟೋಮೇಷನ್ ಮಾತ್ರ ಅರ್ಧಕ್ಕಿಂತ ಚೂರು ಮೇಲೆ. ಜೇಸನ್ (ಡೇಟಾ ಬರೆಯುವ ಒಂದು ರೂಪ) ಓದಲು ಬಂದರೆ ಸಾಕು ಅಂತ ಉಡಾಫೆ ಮಾಡಿದ್ದೆ, ಒಂದು ಲ್ಯಾಬೂ ಮಾಡಿರಲಿಲ್ಲ.

ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಆರೇಳು ತಪ್ಪು ಇನ್ನೂ ಹಾಗೇ ಇವೆ. ಎಲ್ಲವೂ ಹಲವು ಕೇಬಲ್‌ಗಳನ್ನು ಒಂದೇ ಲಿಂಕ್ ಮಾಡುವ ಈಥರ್‌ಚಾನಲ್‌ನವು.