ಯಾವ ಮಳೆಗೆ ಯಾವ ದಾರಿ

ಶಿವಮೊಗ್ಗದ ನಮ್ಮ ಶಾಲೆಯಲ್ಲಿ ರಜೆ ಹತ್ತಿರವಾದಾಗ ಸಹೋದ್ಯೋಗಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಈ ತಿಂಗಳು ಯಾವ ಬೆಟ್ಟ ಚೆನ್ನಾಗಿರುತ್ತದೆ?” ನೋಡುವುದಕ್ಕಾದರೆ ಮಲೆನಾಡಿನ ಬೆಟ್ಟಗಳು ಯಾವ ತಿಂಗಳಲ್ಲೂ ಬೇಸರ ತರಿಸುವುದಿಲ್ಲ. ಆದರೆ ಜನವರಿಯಲ್ಲಿ ಸಲೀಸಾಗಿ ಹತ್ತಿದ ಜಂಬಿಟ್ಟಿಗೆ ಕಲ್ಲು ಜುಲೈಯಲ್ಲಿ ಹಾವಸೆ ಹಿಡಿದು ಕಾಲು ಊರಗೊಡುವುದಿಲ್ಲ. ನವೆಂಬರಿನಲ್ಲಿ ಪಾದ ತೊಳೆದುಕೊಂಡು ದಾಟಿದ ಹಳ್ಳ ಆಗಸ್ಟಿನಲ್ಲಿ ಎದೆಮಟ್ಟ ಹರಿಯುತ್ತದೆ. ಹಾಗಾಗಿ ತುದಿಯಲ್ಲಿ ಏನು ಕಾಣುತ್ತದೆ ಎಂಬುದನ್ನು ನಾನು ಯೋಚಿಸುವುದು ಕೊನೆಗೆ. ಈಗ ಅಲ್ಲಿ ಕಾಲಡಿಯಲ್ಲಿ ಏನಿದೆ, ಬಂಡೆಯೋ ಹುಲ್ಲೋ ಕೆಸರೋ ತರಗೆಲೆಯೋ, ನಡುವೆ ಹಳ್ಳಗಳೆಷ್ಟು ಎಂಬುದು ಮೊದಲು.

ನನ್ನ ಟಿಪ್ಪಣಿ ಪುಸ್ತಕವನ್ನು ತಿಂಗಳ ಪ್ರಕಾರ ಅಲ್ಲ, ಮಳೆ ನಕ್ಷತ್ರಗಳ ಪ್ರಕಾರ ಬರೆದಿಟ್ಟಿದ್ದೇನೆ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ದೊಡ್ಡಪ್ಪ ಹೊಳವಿಗಾಗಿ, ಅಂದರೆ ಮಳೆಯ ಬಿಡುವಿಗಾಗಿ, ಕಾಯುತ್ತಿದ್ದುದು ಇದೇ ಲೆಕ್ಕದಲ್ಲಿ. ಜೂನ್ ಎರಡನೇ ವಾರಕ್ಕೆ ಮೃಗಶಿರಾ, ಇಪ್ಪತ್ತೆರಡರ ಆಸುಪಾಸಿಗೆ ಆರಿದ್ರಾ, ಜುಲೈಯಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟಿನಲ್ಲಿ ಆಶ್ಲೇಷಾ ಮತ್ತು ಮಘಾ, ಸೆಪ್ಟೆಂಬರ್ ನಡುವಿಗೆ ಉತ್ತರಾ, ಅದರ ಬೆನ್ನಿಗೆ ಹಸ್ತಾ. ಒಂದೊಂದರ ಆಯಸ್ಸು ಹದಿಮೂರು, ಹದಿನಾಲ್ಕು ದಿನ. ಹಳ್ಳಿಯವರೊಡನೆ ದಾರಿ ವಿಚಾರಿಸುವಾಗಲೂ ಈ ಲೆಕ್ಕವೇ ಉಪಯೋಗಕ್ಕೆ ಬರುತ್ತದೆ. “ಆಶ್ಲೇಷಾದಲ್ಲಿ ಈ ಗದ್ದೆ ಬದು ನಡೆಯುವಂತಿರುತ್ತದೆಯೇ?” ಎಂದು ಕೇಳಿದರೆ ಕೂಡಲೇ ಖಚಿತ ಉತ್ತರ ಸಿಗುತ್ತದೆ.

ಪುನರ್ವಸುವಿನಿಂದ ಮಘಾವರೆಗೆ ನಾನು ಪಾಲಿಸುವ ನಿಯಮ ಒಂದೇ: ಹಳ್ಳ ದಾಟಬೇಕಾದ ದಾರಿ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನೂರು ಕಿಲೋಮೀಟರಿನೊಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲಿ ಬಿಸಿಲು ನೋಡಿ ಹೊರಟವರಿಗೆ ಗುಡ್ಡೇಕೇರಿ ದಾಟುವಾಗ ಎದುರಿನ ರಸ್ತೆಯೇ ಕಾಣದಿರಬಹುದು. ಹಳ್ಳದಲ್ಲಿ ಬರುವ ನೀರು ನಾವು ನಿಂತಲ್ಲಿ ಬಿದ್ದ ಮಳೆಯದೂ ಅಲ್ಲ, ಮೇಲಿನ ಕಾಡಿನಲ್ಲಿ ಬಿದ್ದದ್ದು. ಹೊಸನಗರದ ಕಡೆ ಒಂದು ಕಾಲುಸಂಕದ ಬಳಿ ದನ ಅಟ್ಟಿಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಹೋಗುವಾಗ ಈ ಹಳ್ಳ ಬಿಟ್ಟೀತು ತಮ್ಮಾ, ಬರುವಾಗ ಬಿಡುವುದಿಲ್ಲ” ಎಂದರು. ಆ ಮಾತನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ. ಕೊಡಚಾದ್ರಿಯ ಹಿಡ್ಲುಮನೆ ಜಲಪಾತದ ದಾರಿ, ಆಗುಂಬೆಯ ಒನಕೆ ಅಬ್ಬಿ, ಬರ್ಕಣದಂತಹ ಕಾಡಿನ ಒಳದಾರಿಗಳು ಈ ಅವಧಿಯಲ್ಲಿ ನನ್ನ ಪಟ್ಟಿಯಲ್ಲೇ ಇಲ್ಲ. ಜಲಪಾತ ಮೈದುಂಬುವುದು ಆಗಲೇ ಅಲ್ಲವೇ ಎನ್ನುವವರಿದ್ದಾರೆ. ಹೌದು, ಆಗಲೇ. ಅದನ್ನು ರಸ್ತೆಬದಿಯಿಂದ ನೋಡಲು ಜೋಗವಿದೆ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಒಂದೂ ಹಳ್ಳ ದಾಟದೆ ನೋಡಬಹುದು.

ಹಾಗಾದರೆ ಆಷಾಢ, ಶ್ರಾವಣದಲ್ಲಿ ನಡೆಯುವುದೆಲ್ಲಿ? ನನ್ನ ಮೊದಲ ಆಯ್ಕೆ ಕುಂದಾದ್ರಿ. ಬುಡದಿಂದ ಹತ್ತಿರಹತ್ತಿರ ತುದಿಯವರೆಗೆ ವಾಹನ ರಸ್ತೆಯಿದೆ. ಬಹುಪಾಲು ಜನ ಅಲ್ಲಿಗೆ ಕಾರಿನಲ್ಲಿ ಹೋಗುತ್ತಾರೆ. ನಾನು ಅದೇ ರಸ್ತೆಯಲ್ಲಿ ನಡೆಯುತ್ತೇನೆ. ಮಳೆಯಲ್ಲಿ ಕಾಡನ್ನು ಇಷ್ಟು ನಿಶ್ಚಿಂತೆಯಿಂದ ನೋಡಿಕೊಂಡು ಏರಬಹುದಾದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಕಾಲಡಿಯಲ್ಲಿ ಡಾಂಬರು, ಎರಡೂ ಬದಿ ಜೀರುಂಡೆಗಳ ಸದ್ದು, ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ನಡುವೆ ತುಂಬಿ ನಿಂತ ಕೊಳ. ಎಚ್ಚರ ಬೇಕಿರುವುದು ಕೊನೆಯ ಮೆಟ್ಟಿಲುಗಳಲ್ಲಿ ಮತ್ತು ಬಸದಿಯ ಹಿಂದಿನ ಬೋಳುಬಂಡೆಯಲ್ಲಿ. ಅಂಚಿನವರೆಗೆ ಹೋಗುವುದನ್ನು ಹಸ್ತಾ ಮಳೆ ಕಳೆದ ಮೇಲೆ ಇಟ್ಟುಕೊಳ್ಳಬೇಕು. ಮನೆಯವರು, ಮಕ್ಕಳು ಜೊತೆಗಿದ್ದರೆ ಸೊರಬದ ಗುಡವಿ ಪಕ್ಷಿಧಾಮ. ಸಮತಟ್ಟು ನೆಲ, ಕೆರೆಯ ಮರಗಳ ತುಂಬ ಗೂಡು ಕಟ್ಟಿದ ಕೆಂಬರಲು, ಬೆಳ್ಳಕ್ಕಿ.

ಮಘಾ ಕಳೆದು ಮಳೆ ಬಿಟ್ಟು ಬಿಟ್ಟು ಬರತೊಡಗಿದಾಗ ಕವಲೇದುರ್ಗ. ಕೆಳದಿ ನಾಯಕರ ಈ ಕೋಟೆಗೆ ಗದ್ದೆಯ ಅಂಚಿನಿಂದ ಹೊರಡುವ ದಾರಿಗೆ ಹಳೆಯ ಕಾಲದ ಕಲ್ಲು ಹಾಸಿದ್ದಾರೆ. ಹಾಸುಗಲ್ಲಿನ ನಡುವೆ ಹುಲ್ಲು ಬೆಳೆದ ಕಡೆ ಕಾಲಿಟ್ಟರೆ ಹಿಡಿತ ಸಿಗುತ್ತದೆ, ಬರಿಗಲ್ಲಿನ ನಡುಭಾಗ ಜಾರುತ್ತದೆ. ಮೂರು ಸುತ್ತಿನ ಗೋಡೆ ದಾಟಿ ಒಳಗೆ ಹೋದರೆ ಕೊಳ, ಅರಮನೆಯ ಅಡಿಪಾಯ, ತುದಿಯಲ್ಲಿ ದೇವಸ್ಥಾನ. ಇಷ್ಟು ಮಳೆ ಬೀಳುವ ಗುಡ್ಡದ ಮೇಲೆ ನೀರು ನಿಲ್ಲಬೇಕಾದಲ್ಲಿ ನಿಂತು, ಹರಿಯಬೇಕಾದಲ್ಲಿ ಹರಿಯುವಂತೆ ಕಟ್ಟಿದವರ ಜಾಣ್ಮೆ ಗೊತ್ತಾಗುವುದು ಮಳೆಗಾಲದಲ್ಲಿಯೇ.

ಇಂಬಳದ, ಅಂದರೆ ಕಾಡಿನ ಜಿಗಣೆಯ, ಬಗ್ಗೆ ಜನರಿಗೆ ಅಗತ್ಯಕ್ಕಿಂತ ಹೆಚ್ಚು ಭಯವಿದೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಷ್ಟೇ. ಮೊಣಕಾಲಿನವರೆಗಿನ ದಪ್ಪ ಕಾಲುಚೀಲ ಹಾಕಿ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಸವರಿಕೊಳ್ಳುತ್ತೇನೆ. ಎಲೆಗಳ ಮೇಲೆ ಕೂರುವುದಿಲ್ಲ, ನೆರಳಿನ ತಂಪಿನಲ್ಲಿ ನಿಲ್ಲುವುದಿಲ್ಲ. ಉಳಿದದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಮುಗಿಯಿತು.

ಉತ್ತರಾ, ಹಸ್ತಾ ಮಳೆಗಳ ನಡುವೆ ಹೊಳವಾದ ದಿನಗಳು ಕೊಡಚಾದ್ರಿಯವು. 1,343 ಮೀಟರ್ ಎತ್ತರದ ಈ ಬೆಟ್ಟದ ಹುಲ್ಲುಗಾವಲು ಆಗ ಎಳೆ ಹಸಿರು, ಸರ್ವಜ್ಞ ಪೀಠದ ಸುತ್ತ ಮಂಜು ಬಂದು ಹೋಗುತ್ತಿರುತ್ತದೆ. ಹಸಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿರುವುದರಿಂದ ಏರುವುದು ಸುಲಭ. ಜನವರಿಯ ಒಣಹುಲ್ಲಿನ ಇಳಿಜಾರು ಇದಕ್ಕಿಂತ ಹೆಚ್ಚು ಜಾರುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. ಸಾಗರದ ಕಡೆಯಿಂದ ಹೋಗುವವರಿಗೆ ಈಗ ಇನ್ನೊಂದು ಅನುಕೂಲವಾಗಿದೆ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ ಮೇಲೆ ಕೊನೆಯ ಲಾಂಚ್ ತಪ್ಪೀತೆಂದು ತುದಿಯಿಂದ ಓಡೋಡಿ ಇಳಿಯುವ ಪಾಡು ಇಲ್ಲ.

ದೀಪಾವಳಿಯಿಂದ ಡಿಸೆಂಬರಿನವರೆಗಿನ ಕಾಲ ಎಲ್ಲರಿಗೂ ಗೊತ್ತಿರುವುದೇ. ಹಳ್ಳಗಳಲ್ಲಿ ನೀರಿದೆ, ಆದರೆ ಇಳಿದಿದೆ. ಕಿಗ್ಗದಿಂದ ನರಸಿಂಹ ಪರ್ವತ ಹತ್ತಲು ನನಗೆ ಇದೇ ಹೊತ್ತು ಇಷ್ಟ. 1,152 ಮೀಟರ್ ಎತ್ತರ, ಕಾಡು ಮುಗಿದು ಹುಲ್ಲು ತೆರೆದುಕೊಳ್ಳುವ ದಾರಿ. ಬುಡದಲ್ಲಿರುವ ಋಷ್ಯಶೃಂಗೇಶ್ವರನಿಗೆ ಮಳೆಗಾಗಿ ಪೂಜೆ ಸಲ್ಲಿಸುವ ವಾಡಿಕೆಯಿದೆ. ಆರು ಗಂಟೆಗೆಲ್ಲ ಕತ್ತಲು ಕವಿಯುವುದರಿಂದ ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ಇಳಿಯಲು ಶುರು ಮಾಡುತ್ತೇನೆ.

ಜನವರಿ ಬಂತೆಂದರೆ ಹೊರಗಿನವರು ಕಾಡಿಗೆ ಹೋಗಲು ಇದೇ ಒಳ್ಳೆಯ ಕಾಲ ಎನ್ನುತ್ತಾರೆ: ಮಳೆಯಿಲ್ಲ, ಇಂಬಳವಿಲ್ಲ, ನೆಲ ಒಣಗಿದೆ. ನಾನು ಕಾಡಿನ ದಾರಿಗಳನ್ನು ಬಿಡುವುದು ಸರಿಯಾಗಿ ಆಗಲೇ. ಕಾರಣ ಉಣ್ಣೆ, ರಕ್ತ ಹೀರುವ ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ನಮ್ಮ ಜಿಲ್ಲೆಯಿಂದ ಹೋಗಿಲ್ಲ. ವೈರಸ್ಸನ್ನು ಹರಡುವ ಉಣ್ಣೆಯ ಎಳೆಯ ಹಂತ, ಸಾಸಿವೆ ಕಾಳಿಗಿಂತ ದೊಡ್ಡದಿರದ ಮರಿ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ತರಗೆಲೆಯ ನಡುವೆ ಹೆಚ್ಚಾಗಿರುತ್ತದೆ. ಕೊಟ್ಟಿಗೆಗೆ ಹಾಸಲು ದರಕು (ಒಣಗಿದ ತರಗೆಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋದವರಿಗೇ ಕಾಯಿಲೆ ತಗಲುವುದು ಇದರಿಂದ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಉಲ್ಬಣಿಸಿ ಸಾವುಗಳಾದವು. ಅಲ್ಲಿನವರಿಗೆ ಕಾಡಿಗೆ ಹೋಗದೆ ಬದುಕಿಲ್ಲ. ನಮಗೆ ಹೋಗಲೇಬೇಕಾದ ಅನಿವಾರ್ಯವಿಲ್ಲ. ಆ ವ್ಯತ್ಯಾಸವನ್ನು ಚಾರಣಕ್ಕೆ ಹೊರಡುವ ಪ್ರತಿಯೊಬ್ಬರೂ ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಆಸೆ.

ಆದ್ದರಿಂದ ಜನವರಿಯಿಂದ ಮೇವರೆಗೆ ತರಗೆಲೆ ಹಾಸಿದ ದಾರಿ, ದನ ಮೇಯುವ ಹಾಡ್ಯ, ಲಂಟಾನದ ಪೊದೆ ಮೂರನ್ನೂ ಬಿಡುತ್ತೇನೆ. ಹೊರಡುವ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸುತ್ತೇನೆ: ಸುತ್ತಮುತ್ತ ಮಂಗ ಸತ್ತಿದೆಯೇ? ಸತ್ತಿದ್ದರೆ ಆ ದಿಕ್ಕಿಗೇ ಹೋಗುವುದಿಲ್ಲ. ಕಾಡಂಚಿನಲ್ಲಿ ಒಂದಿಷ್ಟು ದೂರ ನಡೆಯಬೇಕಾಗಿ ಬಂದರೂ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುತ್ತೇನೆ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಸ್ನಾನ. ಮುಂದಿನ ವಾರ, ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಬೇಕು.

ಈ ಕಾಲಕ್ಕೆ ನನ್ನ ದಾರಿಗಳು ಬೋಳುಬಂಡೆ, ಕೋಟೆ ಮತ್ತು ಹಿನ್ನೀರು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕೋಟೆಯನ್ನು ಬೆಳಿಗ್ಗೆ ಒಂಬತ್ತರೊಳಗೆ ಸುತ್ತಿ ಮುಗಿಸಬಹುದು. ಬೇಸಿಗೆಯ ನಿಜವಾದ ನಡಿಗೆ ಶರಾವತಿಯ ಹಿನ್ನೀರಿನದು. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಊರಿನವರ ಬಾಯಲ್ಲಿ ಮಡೆನೂರು ಡ್ಯಾಂ, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿಹೋಯಿತು. ನೀರು ತೀರಾ ಇಳಿದ ವರ್ಷಗಳ ಮೇ ತಿಂಗಳಲ್ಲಿ ಅದು ಇಡಿಯಾಗಿ ಮೇಲೇಳುತ್ತದೆ. ಕಲ್ಲಿನ ಕಟ್ಟಡ ಅಲ್ಲಾಡಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಮರದ ಬೊಡ್ಡೆಗಳು. ಮುಳುಗಿದ ಊರುಗಳ ಜನರ ಮೊಮ್ಮಕ್ಕಳು ತಮ್ಮ ಅಜ್ಜನ ಮನೆಯಿದ್ದ ಜಾಗ ಹುಡುಕಿಕೊಂಡು ಬಂದದ್ದನ್ನು ಅಲ್ಲಿ ಕಂಡಿದ್ದೇನೆ. ನೆಲ ಮಾತ್ರ ಮೋಸದ್ದು. ಮೇಲೆ ಬಿರುಕುಬಿಟ್ಟು ಒಣಗಿದಂತಿರುವ ಹೂಳು ಒಳಗೆ ಹಸಿಯಿರುತ್ತದೆ. ದನದ ಹೆಜ್ಜೆ ಗಟ್ಟಿಯಾಗಿ ಮೂಡಿರುವ ಸಾಲನ್ನೇ ಹಿಡಿದು ಹೋಗುತ್ತೇನೆ, ಕೋಲು ಊರಿ ನೋಡದೆ ಹೆಜ್ಜೆ ಇಡುವುದಿಲ್ಲ. ಭರಣಿ, ಕೃತ್ತಿಕಾ ಮಳೆಗಳು ಮಧ್ಯಾಹ್ನದ ಮೇಲೆ ಸಿಡಿಲು ತರುವುದರಿಂದ ಆ ಬಯಲಿನಿಂದ ಹನ್ನೆರಡರೊಳಗೆ ಹೊರಬಿದ್ದಿರುತ್ತೇನೆ.

ಕೊನೆಗೆ ಅನುಮತಿಯ ವಿಷಯ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿಯಾಯಿತು. ಈಗ ಹಲವು ದಾರಿಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಚೀಟಿ ಪಡೆಯಬೇಕು. ಕಾಳ್ಗಿಚ್ಚಿನ ಕಾಲದಲ್ಲಿ ಮತ್ತು ಜೋರು ಮಳೆಯಲ್ಲಿ ದಾರಿಗಳನ್ನು ಮುಚ್ಚುವುದೂ ಉಂಟು. ನಾನು ಹಿಂದಿನ ದಿನ ವಲಯ ಅರಣ್ಯ ಕಚೇರಿಗೆ ಫೋನ್ ಮಾಡುತ್ತೇನೆ, ಮತ್ತು ಪುಸ್ತಕದಲ್ಲಿ ಪ್ರತಿ ದಾರಿಯ ಎದುರಿಗೆ ಇನ್ನೊಂದನ್ನು ಬರೆದಿಟ್ಟಿರುತ್ತೇನೆ: ಕೊಡಚಾದ್ರಿ ಮುಚ್ಚಿದ್ದರೆ ನಗರ ಕೋಟೆ, ನರಸಿಂಹ ಪರ್ವತಕ್ಕೆ ಬಿಡದಿದ್ದರೆ ಸಿರಿಮನೆ ಜಲಪಾತ, ಆಗುಂಬೆಯ ಕಾಡಿಗೆ ಪ್ರವೇಶವಿಲ್ಲದಿದ್ದರೆ ಕುಂದಾದ್ರಿಯ ರಸ್ತೆ.