ಚಪ್ಪಾಳೆ ಬೇಡ, ಚೀಟಿ ಕೊಡಿ: ಒಂಬತ್ತನೇ ಕ್ಲಾಸಿನ ನನ್ನ ಅನುಭವ

ಮಕ್ಕಳಿಂದ ವಿಷಯ ಮಂಡನೆ ಮಾಡಿಸುವುದು ನಮಗೆಲ್ಲ ಗೊತ್ತಿರುವ ಕೆಲಸ. ಮಾತಾಡುವ ಮಗು ಹೇಗೋ ಮಾತಾಡಿಬಿಡುತ್ತದೆ. ಕೇಳುತ್ತಾ ಕೂತ ಉಳಿದ ಮೂವತ್ತು ಮೂವತ್ತೈದು ಮಕ್ಕಳ ಕತೆ ಏನು? ಒಂದು ಚಪ್ಪಾಳೆ, "ಸೂಪರ್ ಆಗಿತ್ತು ಮಿಸ್", ಅಲ್ಲಿಗೆ ಮುಗಿಯಿತು. ಕೇಳಿದವರೂ ಉತ್ತರ ಕೊಡಬೇಕು, ಅದಕ್ಕೇ ಜಾಸ್ತಿ ಅಂಕ ಇಡಬೇಕು ಎಂದು, ಸುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. "ಟೀಚರ್, ತೋಟದವರ ಮಕ್ಕಳು, ತೋಟದ ಕೂಲಿಯವರ ಲೈನ್ ಮನೆ ಮಕ್ಕಳು, ಹೋಮ್‌ಸ್ಟೇ ಇಟ್ಟವರ ಮಕ್ಕಳು ಒಂದೇ ಬೆಂಚಲ್ಲಿ ಕೂತಿರ್ತಾರೆ. ಸುಮ್ನೆ ಜಗಳ ಹಚ್ತೀರಾ?" ಎಂದರು. ಮೂರ್ನಾಲ್ಕು ವರ್ಷದಿಂದ ಇದನ್ನು ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಶಾಲೆಯಲ್ಲಿ ನಡೆಸುತ್ತಿದ್ದೇನೆ. ಇನ್ನೂ ಒಂದು ಜಗಳ ಆಗಿಲ್ಲ.

ಯಾವುದು ಕೈಕೊಟ್ಟಿತು ಎಂಬುದನ್ನು ಮೊದಲು ಹೇಳುತ್ತೇನೆ. ತರಬೇತಿಯಲ್ಲಿ ಕೊಟ್ಟ ಟಿಕ್ ಹಾಕುವ ನಮೂನೆ ತಂದೆ. ಧ್ವನಿ, ಹಾವಭಾವ, ವಿಷಯ, ಎಲ್ಲದಕ್ಕೂ ಎ, ಬಿ, ಸಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಜೆರಾಕ್ಸಿಗೇ ಸಾವಿರ ರೂಪಾಯಿ ಹತ್ತಿರ ಹೋಯಿತು. ಗೆಳತಿಗೆಲ್ಲ ಎ, ಜಗಳ ಆಡಿದವಳಿಗೆ ಸಿ. ಆಮೇಲೆ ಕುಶಾಲನಗರದಿಂದ ಪ್ರಾಜೆಕ್ಟರ್ ಬಾಡಿಗೆಗೆ ತಂದೆ, ಆಟೋ ಸೇರಿ ಏಳುನೂರೋ ಎಂಟುನೂರೋ ಆಯಿತು. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಉತ್ತರ ಬರೆಸಿದ್ದು ಇನ್ನೂ ಕಷ್ಟವಾಯಿತು. ಬರೆದದ್ದು ಮಕ್ಕಳಲ್ಲ, ಅಪ್ಪಂದಿರು. ರಾತ್ರಿ ಹತ್ತಕ್ಕೆ ಫೋನ್ ಬರಲು ಶುರುವಾಯಿತು. ಮಾರನೇ ದಿನವೇ ಆ ಗುಂಪು ಮುಚ್ಚಿದೆ.

ದಾರಿ ತೋರಿಸಿದ್ದು ಜುಲೈ ತಿಂಗಳ ಮಳೆ. ಶೀಟಿನ ಮಾಡಿಗೆ ಮಳೆ ಬಡಿಯಲು ಶುರುವಾದರೆ ಎರಡನೇ ಬೆಂಚಿಗೂ ಮಾತು ಕೇಳುವುದಿಲ್ಲ, ನಮ್ಮ ಕಡೆ ಪಾಠ ಮಾಡುವವರಿಗೆ ಗೊತ್ತು. ಹಾಗಾಗಿ ಮಾತಾಡುವವರು ತಮ್ಮ ವಾದವನ್ನು ಮೂರೇ ವಾಕ್ಯದಲ್ಲಿ ಬೋರ್ಡಿನ ಮೇಲೆ ಬರೆಯಲಿ, ಕೇಳುವವರು ಚೀಟಿಯಲ್ಲಿ ಉತ್ತರಿಸಲಿ ಎಂದೆ. ಬಾಯಲ್ಲಿ ಒಂದು ಮಾತು ಬಾರದ ಹುಡುಗಿಯರು ಅವತ್ತು ಅರ್ಧ ಪುಟ ಬರೆದುಕೊಟ್ಟರು.

ಈಗ ಇದೇ ಪದ್ಧತಿ. ಹಳೆಯ ಉತ್ತರ ಪತ್ರಿಕೆಗಳಲ್ಲಿ ಖಾಲಿ ಉಳಿದ ಹಾಳೆ ಕಿತ್ತು ನಾಲ್ಕು ಮಡಿಕೆ ಮಾಡುತ್ತೇವೆ. ಮೊದಲ ಮಡಿಕೆಯಲ್ಲಿ "ನೀನು ಹೇಳಿದ್ದು ಇದು" ಎಂದು ಒಂದು ವಾಕ್ಯ. ಅದನ್ನು ಮಾತಾಡಿದವನಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. "ನಾನು ಹಾಗೆ ಹೇಳಿಲ್ಲ" ಎಂದರೆ ಚೀಟಿ ವಾಪಸ್, ಮತ್ತೆ ಬರೆಯಬೇಕು. ಶುರುವಿನಲ್ಲಿ ಅರ್ಧಕ್ಕರ್ಧ ಚೀಟಿ ವಾಪಸ್ ಬರುತ್ತಿದ್ದವು. ಜಗಳ ಸಾಯುವುದು ಇಲ್ಲೇ. ಎರಡನೇ ಮಡಿಕೆಯಲ್ಲಿ ಒಪ್ಪಿದ ಒಂದು ಮಾತು. ಮೂರನೆಯದರಲ್ಲಿ ಆ ವಾದಕ್ಕೆ ಹೊಂದದ, ತಾನೇ ಕಂಡ ಒಂದು ಸಂಗತಿ, ಕೊನೆಗೊಂದು ಪ್ರಶ್ನೆ. "ನೀನು ತಪ್ಪು" ಎಂದು ಬರೆಯುವ ಹಾಗಿಲ್ಲ, "ನಿನ್ನ ಎರಡನೇ ವಾಕ್ಯ" ಎಂದು ಬರೆಯಬಹುದು. ನಾಲ್ಕನೆಯದು ಖಾಲಿ. ಮಾತಾಡಿದವನು ಒಂದು ರಾತ್ರಿ ಯೋಚಿಸಿ ಮಾರನೇ ದಿನ ಅಲ್ಲಿ ಉತ್ತರ ಬರೆಯುತ್ತಾನೆ. ಹತ್ತರಲ್ಲಿ ಮಾತಿಗೆ ನಾಲ್ಕು ಅಂಕ, ಚೀಟಿಗೆ ಆರು. ಈ ಆರೇ ಎಲ್ಲರನ್ನೂ ಕಿವಿಗೊಟ್ಟು ಕೂರಿಸಿದ್ದು. ಒಂದು ಮಂಡನೆಗೆ ಆರೇಳು ಮಕ್ಕಳು ಮಾತ್ರ ಚೀಟಿ ಬರೆಯುತ್ತಾರೆ. ಅವರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಡೀ ಕೆಲಸದ ಗುಟ್ಟು ಅದರಲ್ಲಿದೆ. ಕ್ಲಾಸಿಗೆ ಬಂದವರಿಗೆ ತೋರಿಸುತ್ತೇನೆ.

ಒಂದು ಚೀಟಿಯ ಕತೆ ಹೇಳಲೇಬೇಕು. ಹುಡುಗನೊಬ್ಬ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರಲೇಬೇಕು ಎಂದು ಮಂಡಿಸಿದ. ಚೆನ್ನಾಗಿ ತಯಾರಾಗಿದ್ದ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ, 2029ರವರೆಗೆ ಮುಂದುವರಿಸಿದ್ದು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು, ಕೊಡವರ ಆಯುಧಗಳ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ, ಎಲ್ಲ ಹೇಳಿದ. ಕಾಡುಪ್ರಾಣಿಯಿಂದ ರಕ್ಷಣೆಗೂ ಬೇಕು ಎಂದು ಮೂರನೇ ವಾಕ್ಯ ಬರೆದ. ಲೈನ್ ಮನೆಯ ಹುಡುಗಿಯ ಚೀಟಿ ಹೀಗಿತ್ತು: "ಕೋವಿ ನಿಮ್ಮ ಸಂಪ್ರದಾಯ, ಒಪ್ಪಿದೆ. ನಿನ್ನ ಮೂರನೇ ವಾಕ್ಯಕ್ಕೆ ಪ್ರಶ್ನೆ. ಹೋದ ತಿಂಗಳು ಆನೆ ಬಂದದ್ದು ನಮ್ಮ ಲೈನಿಗೆ. ನಮ್ಮಪ್ಪನಿಗೆ ವಿನಾಯಿತಿ ಇಲ್ಲ. ರಕ್ಷಣೆಗೆ ಎಂದಾದರೆ ಯಾರಿಗೆ ಮೊದಲು ಬೇಕು?" ಹುಡುಗ ಮಾರನೇ ದಿನ ಬರೆದ: "ರಕ್ಷಣೆಯ ವಾಕ್ಯ ತೆಗೆದಿದ್ದೇನೆ. ಸಂಪ್ರದಾಯದ ವಾಕ್ಯ ಹಾಗೇ ಇಟ್ಟಿದ್ದೇನೆ." ಅವನ ವಾದ ಸೋಲಲಿಲ್ಲ, ಇನ್ನೂ ಗಟ್ಟಿಯಾಯಿತು. ಅನುಮಾನಪಟ್ಟಿದ್ದ ಸಹೋದ್ಯೋಗಿಗೆ ನಾನು ಮೊದಲು ತೋರಿಸಿದ್ದು ಈ ಚೀಟಿಯನ್ನೇ. ಈಗ ಅವರೂ ಹಾಳೆ ಮಡಚುತ್ತಿದ್ದಾರೆ.

ಹೋಮ್‌ಸ್ಟೇ ವಿಷಯವೂ ಹೀಗೇ. 2018ರ ಆಗಸ್ಟಿನ ಗುಡ್ಡ ಕುಸಿತವನ್ನೆಲ್ಲ ಒಬ್ಬಳು ಹೋಮ್‌ಸ್ಟೇ ತಲೆಗೆ ಕಟ್ಟಿದ್ದಳು. ಗುಡ್ಡ ಕಡಿದು ಸಮ ಮಾಡಿದ್ದೂ ಒಂದು ಕಾರಣ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಹೇಳಿತ್ತು ಎಂಬ ಆಧಾರವೂ ಕೈಯಲ್ಲಿತ್ತು. ಹೋಮ್‌ಸ್ಟೇ ಮನೆಯ ಹುಡುಗ ಇಷ್ಟೇ ಕೇಳಿದ: "ಗುಡ್ಡ ಕಡಿದದ್ದು ರಸ್ತೆಗೂ ಹೌದು, ಮನೆಗೂ ಹೌದು. ನಿನ್ನ ಮೊದಲ ವಾಕ್ಯದಲ್ಲಿ ಹೋಮ್‌ಸ್ಟೇ ಒಂದೇ ಯಾಕೆ?"

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನಮ್ಮ ಒಂದು ಕ್ಲಾಸಿನಲ್ಲೇ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಎಲ್ಲ ಇದೆ. ಮೂರನೇ ಮಡಿಕೆಯ ಪ್ರಶ್ನೆಯನ್ನು ಮನೆಮಾತಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ ಎಂದೆ. ಪ್ರಶ್ನೆಗಳು ಒಮ್ಮೆಲೇ ಚುರುಕಾದವು. ಮಾತಾಡಿದವನಿಗೆ ಅರ್ಥವಾಗದಿದ್ದರೆ ಬರೆದವರೇ ಹೋಗಿ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಹಾಗೆ ಹೇಳುವಾಗ ಅರ್ಧ ಪ್ರಶ್ನೆ ತಾವೇ ತಿದ್ದಿಕೊಳ್ಳುತ್ತಾರೆ. ತಿದ್ದುವ ಸಮಯ ನನಗೆ ದುಪ್ಪಟ್ಟಾಯಿತು, ಆದರೂ ಬಿಟ್ಟಿಲ್ಲ. ಒಪ್ಪದ ಪಕ್ಷ ಹಿಡಿದು ಮಾತಾಡಿಸುವ ಪ್ರಯೋಗವನ್ನು ಮಾತ್ರ ಕೈಬಿಟ್ಟೆ. ಮಕ್ಕಳು ನಾಟಕ ಮಾಡಿದರು, ಚೀಟಿಗಳು ಸಪ್ಪೆಯಾದವು.

ಖರ್ಚು ಈಗ ವರ್ಷಕ್ಕೆ ನೂರೈವತ್ತು ದಾಟುವುದಿಲ್ಲ. ದಾರ, ಎರಡು ರಟ್ಟು, ಮುಗಿದ ಚೀಟಿ ಪೋಣಿಸಿಡಲು. ವಿಷಯ ಆರಿಸುವಾಗ ಮಾತ್ರ ಅವಸರ ಬೇಡ. ಕುಡಿತ, ಪ್ಲಾಸ್ಟಿಕ್ ಇವೆಲ್ಲ ದಂಡ, ಎಲ್ಲರದೂ ಒಂದೇ ಮಾತು. ಹೆಣ್ಣುಮಕ್ಕಳ ಮದುವೆ ವಯಸ್ಸು 21 ಆಗಬೇಕೇ ಎಂದರೆ ಹುಡುಗಿಯರಲ್ಲೇ ಎರಡು ಪಂಗಡ. 2021ರಲ್ಲಿ ಲೋಕಸಭೆಗೆ ಬಂದ ಆ ಮಸೂದೆ 2024ರಲ್ಲಿ ಬಿದ್ದುಹೋಗಿದ್ದರೂ ಕ್ಲಾಸಿನಲ್ಲಿ ವಾದ ಬಿದ್ದಿಲ್ಲ. ಬರುವ ಜೂನ್‌ನಿಂದ ಎಂಟನೇ ಕ್ಲಾಸಿಗೂ ಶುರು ಮಾಡುತ್ತೇನೆ. ಮೊದಲ ವಿಷಯ ಬಿಸಿಯೂಟದ ಮೊಟ್ಟೆ. ಮೊಟ್ಟೆ ತಿನ್ನುವವರು, ಬಾಳೆಹಣ್ಣು ಕೇಳುವವರು ಇಬ್ಬರೂ ಕ್ಲಾಸಿನಲ್ಲಿ ಇದ್ದಾರೆ, ಹಾಳೆಗಳನ್ನು ಈಗಲೇ ಕಿತ್ತಿಟ್ಟಿದ್ದೇನೆ.