ಪವಿತ್ರ ವಾರದ ಏಳು ದಿನ ಮನೆಯಲ್ಲಿ: ಏನು, ಯಾವಾಗ, ಹೇಗೆ

ಗುರುವಾರ ಸಂಜೆ ದರ್ಜಿ ಅಂಗಡಿ ಮುಂದೆ ಕಾಯುವುದು, ಶುಕ್ರವಾರ ಮಧ್ಯಾಹ್ನ ಬಂಧುಗಳಿಗೆ ಫೋನ್ ಮಾಡಿ ಊಟಕ್ಕೆ ಕರೆಯುವುದು, ಶನಿವಾರ ಇಡೀ ದಿನ ಉಳ್ಳಾಗಡ್ಡಿ ಹೆಚ್ಚುವುದು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಹುತೇಕ ಮನೆಗಳಲ್ಲಿ ಹೀಗೆಯೇ ಕೈತಪ್ಪಿ ಹೋಗುತ್ತದೆ. ಅದಕ್ಕೇ ಮೊದಲ ನಿಯಮ: ಬಟ್ಟೆ, ಬಣ್ಣ, ಸಾಮಾನು, ಕರೆಯೋಲೆ ಇವೆಲ್ಲ ವಾರ ಶುರುವಾಗುವ ಗರಿಗಳ ಭಾನುವಾರಕ್ಕೆ ಮುಂಚೆ ಮುಗಿಯಬೇಕು, ಅಡುಗೆಯ ಪೂರ್ವತಯಾರಿ ಬುಧವಾರ ರಾತ್ರಿಗೆ ಮುಗಿಯಬೇಕು. ಇಷ್ಟಾದರೆ ಉಳಿದದ್ದು ಸಲೀಸು. ಇಷ್ಟಾಗದಿದ್ದರೆ ಮುಂದೆ ಹೇಳುವ ಯಾವುದೂ ನಡೆಯುವುದಿಲ್ಲ.

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಯಾವ ಭಾನುವಾರವಾದರೂ ಬರಬಹುದು. 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಮಾರ್ಚಿನಲ್ಲಿ ಬಂದರೆ ಮಕ್ಕಳ ಪರೀಕ್ಷೆ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ ಬಂದರೆ 40 ಡಿಗ್ರಿ ಬಿಸಿಲು, ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಎರಡನೇ ಬೆಳೆಯ ಭತ್ತದ ಕೊಯ್ಲು. ತೋರಣಗಲ್ಲು, ಶಕ್ತಿನಗರ, ಹಟ್ಟಿಯಲ್ಲಿ ಪಾಳಿ ಕೆಲಸ ಮಾಡುವವರು ಹದಿನೈದು ದಿನ ಮುಂಚೆಯೇ ಪಾಳಿ ಬದಲಿಸಿಕೊಳ್ಳಲಿ. ಶುಭ ಶುಕ್ರವಾರ ಸರ್ಕಾರಿ ರಜೆ, ಗುರುವಾರ ರಜೆಯಲ್ಲ. ಎಲ್ಲರೂ ಶುಕ್ರವಾರದ ಬಗ್ಗೆಯೇ ಯೋಚಿಸಿ ಗುರುವಾರ ಮಧ್ಯಾಹ್ನದ ಪಾಳಿಗೆ ಸಿಕ್ಕಿಬೀಳುತ್ತಾರೆ, ಯೇಸುವಿನ ಕೊನೆಯ ಭೋಜನ ನೆನೆಯುವ ಸಂಜೆಯ ಬಲಿಪೂಜೆ (ಮಾಸ್) ತಪ್ಪುತ್ತದೆ. ಕೇಳಿ ಪಡೆಯಬೇಕಾದ ರಜೆ ಗುರುವಾರದ್ದೇ.

ದಿನಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ, ಅದರಲ್ಲಿ ಮಕ್ಕಳ ಕೈಗೂ ಏನಾದರೂ ಕೊಡಿ. ದೇವಾಲಯದ, ಅಂದರೆ ಚರ್ಚಿನ, ಆರಾಧನೆಯೇ ವಾರದ ಬೆನ್ನೆಲುಬು. ಮನೆಯಲ್ಲಿ ಮಾಡುವುದೆಲ್ಲ ಅದಕ್ಕೆ ಆಸರೆ. ಕೇಳಲು ಕೂತ ಮಗುವಿಗೆ ಹತ್ತು ನಿಮಿಷ ಹೆಚ್ಚು, ಕೈ ಕೆಲಸದಲ್ಲಿದ್ದ ಮಗುವಿಗೆ ಅರ್ಧ ಗಂಟೆಯೂ ಕಡಿಮೆ.

ಗರಿಗಳ ಭಾನುವಾರ ಮೆರವಣಿಗೆಯಿಂದ ತಂದ ಗರಿಯನ್ನು ಆ ಮಧ್ಯಾಹ್ನವೇ ಶಿಲುಬೆಯಾಗಿ ಹೆಣೆಯಿರಿ. ಈಚಲ ಗರಿಯಾಗಲಿ, ತೆಂಗಿನ ಗರಿಯಾಗಲಿ, ನಮ್ಮ ಕಡೆಯ ಬಿಸಿಲಿಗೆ ಸಂಜೆಯೊಳಗೆ ಒಣಗಿ ಮಡಚುವಲ್ಲೆಲ್ಲ ಮುರಿಯುತ್ತದೆ. ತಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆದುವಾಗಿ ಉಳಿಯುತ್ತದೆ. ಕಳೆದ ವರ್ಷದ ಗರಿ ಕಸಕ್ಕೆ ಹೋಗಬಾರದು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರದ ಬೂದಿ ಆಗುವುದು ಅದರಿಂದಲೇ, ಧರ್ಮಕೇಂದ್ರಕ್ಕೆ, ಅಂದರೆ ನಿಮ್ಮ ಚರ್ಚಿಗೆ, ಹಿಂದಿರುಗಿಸಿ.

ಅದೇ ದಿನ ಜೋಳ ಬಿತ್ತಿ. ಶನಿವಾರ ರಾತ್ರಿ ಒಂದು ಹಿಡಿ ಜೋಳ ನೆನೆಸಿಡಿ, ಭಾನುವಾರ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಕಾಳು ಒತ್ತೊತ್ತಾಗಿ ಹಾಕಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು, ಸುರಿಯಬಾರದು. ನೀರು ನಿಂತರೆ ಕಾಳು ಕೊಳೆತು ವಾಸನೆ ಬರುತ್ತದೆ. ನೆರಳಲ್ಲಿ, ಬೆಳಕು ಬೀಳುವ ಕಡೆ ಇಡಿ, ನೇರ ಬಿಸಿಲಿಗೆ ಮೊಳಕೆ ಕರಕಲಾಗುತ್ತದೆ. ರೊಟ್ಟಿಗೆ ತಂದ ಜೋಳ ಸಾಕು. ಬಿತ್ತನೆ ಬೀಜದ ಪೊಟ್ಟಣದ್ದು ಬೇಡ, ಅದಕ್ಕೆ ಔಷಧಿ ಲೇಪಿಸಿರುತ್ತಾರೆ, ಮಕ್ಕಳು ಮುಟ್ಟಬಾರದು. ಬಿತ್ತುವಾಗ ಬೈಬಲಿನ ಯೊವಾನ್ನ 12:24 ಓದಿ: ನೆಲಕ್ಕೆ ಬಿದ್ದು ಸಾಯುವ ಕಾಳು ಹೇರಳ ಫಲ ಕೊಡುವ ಮಾತು ಅಲ್ಲಿದೆ. ವಿವರಣೆ ಬೇಡ. ವಾರವಿಡೀ ತಟ್ಟೆಯೇ ವಿವರಿಸುತ್ತದೆ.

ಯೇಸು ಶಿಲುಬೆ ಹೊತ್ತು ನಡೆದ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ದಿನಕ್ಕೆ ಎರಡರಂತೆ ಗೋಡೆಗೆ ಅಂಟಿಸುತ್ತ ಹೋಗಿ. ಚಿತ್ರ ಮಕ್ಕಳೇ ಬರೆಯಲಿ, ಅರ್ಧ ಹಾಳೆ ಸಾಕು. ಭಾನುವಾರ ಒಂದು ಮತ್ತು ಎರಡು. ಹೀಗೆ ಹೋದರೆ ಯೇಸುವಿನ ಬಟ್ಟೆ ಕಸಿಯುವ ಹತ್ತನೆಯ ಸ್ಥಳ ಗುರುವಾರ ಬರುತ್ತದೆ, ಅಂದೇ ರಾತ್ರಿ ದೇವಾಲಯದಲ್ಲಿ ಬಲಿಪೀಠದ ವಸ್ತ್ರ ತೆಗೆಯುತ್ತಾರೆ. ಮೊಳೆ ಹೊಡೆಯುವುದು, ಪ್ರಾಣ ಬಿಡುವುದು ಶುಕ್ರವಾರ. ಸಮಾಧಿ ಶನಿವಾರ. ಒಂದು ದಿನ ತಪ್ಪಿದರೆ ಮರುದಿನ ನಾಲ್ಕು ಅಂಟಿಸಿ, ಕ್ರಮ ತಪ್ಪಿಸಬೇಡಿ.

ಸೋಮವಾರ ಅಥವಾ ಮಂಗಳವಾರ ಗುರುಗಳ (ಪಾದ್ರಿಗಳ) ಬಳಿ ಪಾಪನಿವೇದನೆ ಮುಗಿಸಿ. ಗುರುವಾರಕ್ಕೆ ಇಟ್ಟುಕೊಂಡರೆ ಉದ್ದನೆಯ ಸಾಲು, ಗುರುಗಳಿಗೂ ಸಮಯವಿರುವುದಿಲ್ಲ. ಹೊಲದ ಬದುವಿಗೋ ಮನೆ ಪಾಲಿಗೋ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೆ ಬುಧವಾರದೊಳಗೆ ಒಂದು ಫೋನ್ ಆಗಲಿ. ವ್ಯಾಜ್ಯ ಬಗೆಹರಿಸುವ ಮಾತು ಆಗ ಬೇಡ, "ಹಬ್ಬಕ್ಕೆ ಬರ್ರಿ" ಅಂದರೆ ಸಾಕು.

ಮಂಗಳವಾರ ಮಕ್ಕಳು ಯೇಸುವಿನ ಸಮಾಧಿ ಗುಹೆಯನ್ನು ಮಣ್ಣಿನಲ್ಲಿ ಮಾಡಲಿ. ಎರೆ ಮಣ್ಣು ಒಂದನ್ನೇ ಬಳಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಹಿಡಿ ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ, ಮಗುಚಿದ ಬಟ್ಟಲ ಮೇಲೆ ಹೆಬ್ಬೆರಳ ದಪ್ಪಕ್ಕೆ ಮೆತ್ತಿ. ಬಟ್ಟಲಿಗೆ ಮೊದಲು ಹಳೆ ಪತ್ರಿಕೆ ಸುತ್ತಿದ್ದರೆ ಮಾತ್ರ ಮರುದಿನ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ನೆರಳಲ್ಲಿ ಒಣಗಿಸಿ. ಬಾಗಿಲಿಗೆ ಒಂದು ದುಂಡು ಕಲ್ಲು.

ಬುಧವಾರ ಅಡುಗೆಮನೆಯ ದಿನ. ಭಾನುವಾರ ಬಿರಿಯಾನಿ ಇದ್ದರೆ ಶುಂಠಿ ಬೆಳ್ಳುಳ್ಳಿ ರುಬ್ಬಿ ಎಣ್ಣೆ ಉಪ್ಪು ಹಾಕಿ ಫ್ರಿಜ್‌ನಲ್ಲಿಡಿ, ಉಳ್ಳಾಗಡ್ಡಿ ಕರಿದು ಆರಿಸಿ ಡಬ್ಬಿಗೆ ತುಂಬಿ, ಮಸಾಲೆ ಹುರಿದು ಪುಡಿ ಮಾಡಿ. ಮಾಂಸ ಇಂದೇ ಹೇಳಿಟ್ಟು ಭಾನುವಾರ ನಸುಕಿನಲ್ಲಿ ತನ್ನಿ. ಮನೆಯ ಹೆಂಗಸರು ಶನಿವಾರ ಒಲೆ ಮುಂದೆ ನಿಂತು, ಗಂಡಸರು ಮಕ್ಕಳು ಮಾತ್ರ ಆ ರಾತ್ರಿ ಚರ್ಚಿನ ಈಸ್ಟರ್ ಜಾಗರಣೆಗೆ ಹೋಗುವ ಮನೆಗಳು ಇನ್ನೂ ಬಹಳ ಇವೆ. ಅದು ನಿಲ್ಲಬೇಕು. ಹೆಚ್ಚುವ ಕೆಲಸ ಎಲ್ಲರದು.

ಗುರುವಾರದ ಬಲಿಪೂಜೆಯಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ಮಕ್ಕಳು ದೂರದಿಂದ ನೋಡುತ್ತಾರೆ. ಮನೆಯಲ್ಲಿ ಮಾಡಿದರೆ ಅದು ಮೈಗೆ ಹತ್ತುತ್ತದೆ. ದೇವಾಲಯಕ್ಕೆ ಹೊರಡುವ ಮುಂಚೆ, ಸಂಜೆ ನಾಲ್ಕರ ಸುಮಾರಿಗೆ ಮಾಡಿ, ರಾತ್ರಿ ಬಂದ ಮೇಲೆ ಮಕ್ಕಳು ನಿದ್ದೆಗಣ್ಣಲ್ಲಿರುತ್ತಾರೆ. ಬೇಕಾದದ್ದು ಒಂದು ಬೋಗುಣಿ, ಒಂದು ಚೊಂಬು ನೀರು, ಒಬ್ಬೊಬ್ಬರಿಗೆ ಒಂದು ಒಣ ಟವೆಲ್. ಒಬ್ಬರು ಯೊವಾನ್ನ 13:1-15 ಓದಲಿ, ಪ್ರೊಟೆಸ್ಟೆಂಟ್ ಮನೆಗಳ ಸತ್ಯವೇದದಲ್ಲಿ ಯೋಹಾನ ಅಂತಿರುತ್ತದೆ. ನಂತರ ಮನೆಯ ಹಿರಿಯರು ನೆಲಕ್ಕೆ ಕೂತು ಎಲ್ಲಕ್ಕಿಂತ ಚಿಕ್ಕ ಮಗುವಿನ ಕಾಲು ಮೊದಲು ತೊಳೆಯಬೇಕು, ಆಮೇಲೆ ಸೊಸೆಯದು, ಆಮೇಲೆ ಉಳಿದವರದು. ಕ್ರಮ ತಿರುಗಿಸಬೇಡಿ. ಸೊಸೆ ಅತ್ತೆಯ ಕಾಲು ತೊಳೆದರೆ ಅದು ದಿನನಿತ್ಯದ ಮರ್ಯಾದೆಯಾಗುತ್ತದೆ, ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನಿಗೆ ಆದ ಮುಜುಗರ ಯಾರಿಗೂ ಆಗುವುದಿಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಚೊಂಬು ಕೊಡುವುದಕ್ಕೂ ಕೂತು ತೊಳೆಯುವುದಕ್ಕೂ ಇರುವ ಅಂತರ ಮಕ್ಕಳಿಗೆ ತಾನಾಗಿ ಕಾಣುತ್ತದೆ. ಕಚಗುಳಿಯಾಗಿ ನಕ್ಕರೆ ಗದರಬೇಡಿ, ನಗು ಎರಡು ನಿಮಿಷದಲ್ಲಿ ಇಳಿಯುತ್ತದೆ. ಗದರಿದರೆ ಸಂಜೆಯೇ ಹೋಗುತ್ತದೆ. ಫೋಟೊ ತೆಗೆಯಬೇಡಿ.

ಫೋನ್ ಮಾತು ಇಲ್ಲೇ ಹೇಳಬೇಕು. ಗುರುವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಯವರೆಗೆ ಒಂದು ಫೋನ್ ಮಾತ್ರ ಹೊರಗಿರಲಿ, ಕರೆಗೆ. ಉಳಿದವು ಟ್ರಂಕಿನಲ್ಲಿ. ಆ ದಿನಗಳಲ್ಲಿ ಐಪಿಎಲ್ ಇದ್ದೇ ಇರಬಹುದು. ದೊಡ್ಡವರು ಸ್ಕೋರ್ ನೋಡಿದರೆ ಮಕ್ಕಳಿಗೆ ಬೇಡ ಎನ್ನಲು ಬಾಯಿ ಇರುವುದಿಲ್ಲ.

ಶುಕ್ರವಾರದ ಉಪವಾಸ. ಕಥೋಲಿಕ ಸಭೆಯ ನಿಯಮ 18 ತುಂಬಿದವರಿಂದ 59ರವರೆಗೆ: ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಹೊತ್ತು ಸ್ವಲ್ಪ ಆಹಾರ. ಮಾಂಸ ಬಿಡುವುದು 14 ತುಂಬಿದ ಎಲ್ಲರಿಗೂ. ನೀರು ಕುಡಿಯಬಾರದೆಂದು ಸಭೆ ಎಲ್ಲೂ ಹೇಳಿಲ್ಲ. ಬಿಸಿಲಲ್ಲಿ ಶಿಲುಬೆ ಹಾದಿ ನಡೆಯುವಾಗ ಜನ ತಲೆತಿರುಗಿ ಬೀಳುವುದಕ್ಕೆ ಈ ತಪ್ಪು ತಿಳಿವಳಿಕೆಯೂ ಒಂದು ಕಾರಣ. ಬೆಳಿಗ್ಗೆ ಅಂಬಲಿ, ಹೊರಡುವ ಮುಂಚೆ ಉಪ್ಪು ಹಾಕಿದ ಮಜ್ಜಿಗೆ, ಸಂಜೆ ರೊಟ್ಟಿ ಪುಂಡಿಪಲ್ಯದ ಊಟ. ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮಾಡಬಾರದು. ಅವರು ಬಾಯಿರುಚಿಯ ಒಂದನ್ನು, ಚಹಾ ಆಗಲಿ ಉಪ್ಪಿನಕಾಯಿ ಆಗಲಿ, ಬಿಡಲಿ.

ಮಧ್ಯಾಹ್ನ ಹನ್ನೆರಡರಿಂದ ಮೂರು ಮನೆಯಲ್ಲಿ ಸದ್ದಿರಬಾರದು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳವರಿಗೆ ಆ ಹೊತ್ತಿಗೆ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಆರಾಧನೆ ಇರುತ್ತದೆ. ಕಥೋಲಿಕರಿಗೆ ಅಂದು ಬಲಿಪೂಜೆಯಿಲ್ಲ, ಸಾಮಾನ್ಯವಾಗಿ ಮೂರರ ಸುಮಾರಿಗೆ ವಾಚನ, ಶಿಲುಬೆಯ ಆರಾಧನೆ, ಪರಮಪ್ರಸಾದ (ಪವಿತ್ರ ರೊಟ್ಟಿಯ ಸ್ವೀಕಾರ). ಮನೆಯಲ್ಲೇ ಉಳಿಯಬೇಕಾದ ಅಜ್ಜ ಅಜ್ಜಿ, ಬಾಣಂತಿ ಇದ್ದರೆ ಯೊವಾನ್ನನ 18 ಮತ್ತು 19ನೇ ಅಧ್ಯಾಯ ಜೋರಾಗಿ ಓದಿ. ಒಟ್ಟು 82 ವಚನ, ಸುಮಾರು ಕಾಲು ಗಂಟೆ. ನಾಲ್ಕು ಮಂದಿಗೆ ಹಂಚಿ: ನಿರೂಪಕ, ಯೇಸು, ಪಿಲಾತ, ಉಳಿದವರೆಲ್ಲ. "ಅವನನ್ನು ಶಿಲುಬೆಗೇರಿಸಿ" ಎನ್ನುವ ಮಾತು ಮನೆಯವರೆಲ್ಲರೂ ಸೇರಿ ಹೇಳಬೇಕು. ಆ ಮಾತು ತನ್ನ ಬಾಯಿಂದ ಬಂದಾಗ ಹತ್ತು ವರ್ಷದ ಹುಡುಗನೂ ಸುಮ್ಮನಾಗುತ್ತಾನೆ. ಯೇಸು ಪ್ರಾಣ ಬಿಡುವ 19:30 ಬಂದಾಗ ಮೊಣಕಾಲೂರಿ, ನೂರು ಎಣಿಸುವಷ್ಟು ಹೊತ್ತು ಮೌನ.

ಶನಿವಾರ ಬೆಳಿಗ್ಗೆ ಬಿಳಿ ಬಟ್ಟೆ ಸುತ್ತಿದ ಸಣ್ಣ ಮರದ ಶಿಲುಬೆಯನ್ನು ಗುಹೆಯೊಳಗಿಟ್ಟು ಕಲ್ಲು ಮುಚ್ಚಿ. ದೀಪ ಬೇಡ, ಹಾಡು ಬೇಡ. ಮಕ್ಕಳು ಎರಡರಿಂದ ನಾಲ್ಕು ಮಲಗಲೇಬೇಕು, ಇಲ್ಲದಿದ್ದರೆ ಜಾಗರಣೆಯ ಬೆಂಕಿ ಹೊತ್ತಿಸಿ ಏಳು ವಾಚನ ಶುರುವಾಗುವಷ್ಟರಲ್ಲಿ ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ. ಮೋಂಬತ್ತಿಗೆ ಅಂಗೈಯಗಲದ ದಪ್ಪ ರಟ್ಟು ಕತ್ತರಿಸಿ ನಡುವೆ ತೂತು ಮಾಡಿ ಕೊಡಿ, ಮೇಣ ಕೈಗೆ ಬೀಳುವುದಿಲ್ಲ. ನೈಲಾನ್ ಫ್ರಾಕು, ಹಾರಾಡುವ ದುಪಟ್ಟಾ ಆ ರಾತ್ರಿ ಬೇಡವೇ ಬೇಡ. ಹತ್ತಿ ಬಟ್ಟೆ, ಬಿಗಿದ ಜಡೆ.

ಜಾಗರಣೆಯಿಂದ ಬಂದವರು ಮಲಗುವ ಮುಂಚೆ ದೊಡ್ಡವರೊಬ್ಬರು ಗುಹೆಯ ಕಲ್ಲು ಸರಿಸಿ ಶಿಲುಬೆ ತೆಗೆದಿಡಲಿ, ಬಟ್ಟೆ ಮಾತ್ರ ಮಡಿಸಿ ಒಳಗಿರಲಿ. ಬೆಳಿಗ್ಗೆ ಮೊದಲು ಮಕ್ಕಳು ಅದನ್ನು ನೋಡಲಿ, ಯೊವಾನ್ನ 20:1-18 ಓದಿ, ಚಿಗುರಿದ ಜೋಳದ ತಟ್ಟೆಯನ್ನು ಪಕ್ಕಕ್ಕಿಡಿ. ಮೊಟ್ಟೆ, ಹೊಸ ಬಟ್ಟೆ, ಉಡುಗೊರೆ ಎಲ್ಲ ಇದಾದ ಮೇಲೆ. ಮೊದಲೇ ಕೊಟ್ಟರೆ ಗುಹೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಉಳ್ಳಾಗಡ್ಡಿ ಸಿಪ್ಪೆಯೊಡನೆ ಹನ್ನೆರಡು ನಿಮಿಷ ಬೇಯಿಸಿದರೆ ಮೊಟ್ಟೆಗೆ ಒಳ್ಳೆಯ ಕೆಂಗಂದು ಬಣ್ಣ ಬರುತ್ತದೆ. ಈ ಸೆಕೆಗೆ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಅಕ್ಕಪಕ್ಕದವರಿಗೆ ಊಟ ಕಳಿಸುವುದಿದ್ದರೆ ಹನ್ನೆರಡರೊಳಗೆ ಕಳಿಸಿ, ಮಾಂಸ ತಿನ್ನದ ಮನೆಗಳಿಗೆ ಶ್ಯಾವಿಗೆ ಪಾಯಸ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ. ಯಾಕೆ ಹಬ್ಬ ಎಂದು ಅವರು ಕೇಳಿದರೆ ತಟ್ಟೆ ಹಿಡಿದು ಹೋದ ಮಗುವೇ ಉತ್ತರ ಹೇಳಲಿ. ಈಸ್ಟರಿನಿಂದ ಐವತ್ತನೇ ದಿನ ಬರುವ ಪೆಂತೆಕೊಸ್ತಿನವರೆಗೂ ಪಾಸ್ಖ (ಈಸ್ಟರ್) ಕಾಲ ಇದೆ, ಜಾಗರಣೆಯಿಂದ ತಂದ ಮೋಂಬತ್ತಿಯನ್ನು ಸಂಜೆ ಪ್ರಾರ್ಥನೆಗೆ ಹಚ್ಚಿ. ಚಿಕ್ಕದಾದರೆ ಅದರಿಂದಲೇ ಹೊಸದನ್ನು ಹೊತ್ತಿಸಿಕೊಳ್ಳಿ.